ಕೋಡ್ ಫ್ರೀ, ಬಿಲ್ ಮಾತ್ರ ಉಂಟು: ಜಿಪಿಎಲ್ ಪ್ಲಗಿನ್ ಮಾರುವ ನನ್ನ ಅನುಭವ

ದಾವಣಗೆರೆಯ ಸೀರೆ ಅಂಗಡಿಗಳಿಗೆ ನಾನು ಒಂದು ಸಣ್ಣ ಪ್ಲಗಿನ್, ಅಂದರೆ ವೆಬ್‌ಸೈಟ್‌ಗೆ ಸೇರಿಸಿಕೊಳ್ಳುವ ಪ್ರೋಗ್ರಾಂ, ಮಾರುತ್ತೇನೆ. ಆನ್‌ಲೈನ್ ಅಂಗಡಿ ನಡೆಸುವ ವೂಕಾಮರ್ಸ್‌ನಲ್ಲಿ ಆರ್ಡರ್ ಬಿದ್ದ ಕೂಡಲೇ ಕನ್ನಡದಲ್ಲಿ ಜಿಎಸ್‌ಟಿ ಬಿಲ್ ಪಿಡಿಎಫ್ ಆಗಿ ಬರುತ್ತದೆ, ಅಷ್ಟೇ. ಬೆಲೆ ನಾನೇ ಇಟ್ಟೆ, ಆದರೆ ಲೈಸೆನ್ಸ್ ಆರಿಸುವ ಸ್ವಾತಂತ್ರ್ಯ ಅಷ್ಟಾಗಿ ಇರಲಿಲ್ಲ. ಜಿಪಿಎಲ್ ಅಂದರೆ, ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದು, ಆದರೆ ಹಂಚುವಾಗ ಅದೇ ಷರತ್ತಿನಲ್ಲಿ ಹಂಚಬೇಕು ಅನ್ನುವ ಲೈಸೆನ್ಸ್. ವೂಕಾಮರ್ಸ್ ಓಡುವುದು ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಮೇಲೆ. ವರ್ಡ್‌ಪ್ರೆಸ್ ಇರುವುದು ಜಿಪಿಎಲ್ 2 ಅಥವಾ ನಂತರದ ಆವೃತ್ತಿಯಲ್ಲಿ, ವೂಕಾಮರ್ಸ್ ಜಿಪಿಎಲ್ 3ರಲ್ಲಿ. ಅವುಗಳ ಫಂಕ್ಷನ್ ಕರೆದು ಓಡುವ ಪಿಎಚ್‌ಪಿ ಕೋಡ್ ಕೂಡ ಜಿಪಿಎಲ್ ಆಗಲೇಬೇಕು ಅನ್ನೋದು ವರ್ಡ್‌ಪ್ರೆಸ್‌ನವರ ನಿಲುವು. ಒಪ್ಪದವರೂ ಇದ್ದಾರೆ. ನಾನು ಸುಮ್ನೆ ಜಗಳ ಯಾಕೆ ಅಂತ ಜಿಪಿಎಲ್ 3 ಹಾಕಿದೆ.

ನಿಜವಾದ ತಲೆನೋವು ಒತ್ತಕ್ಷರದ್ದು. ಪಿಡಿಎಫ್ ಮಾಡುವ ಸಿದ್ಧ ಕೋಡ್ ಆದ ಡಾಮ್‌ಪಿಡಿಎಫ್ ಲೈಬ್ರರಿಯಲ್ಲಿ ‘ರೇಷ್ಮೆ’ ಅಂತ ಕೊಟ್ಟರೆ ‘ರೇಷ್‌ಮೆ’ ಅಂತ ಬರುತ್ತದೆ. ಅಂಥ ಬಿಲ್ಲನ್ನು ಮಂಡಿಪೇಟೆಯ ಯಾವ ಸಾಹುಕಾರರು ಗಿರಾಕಿಗೆ ಕೊಡುತ್ತಾರೆ ಹೇಳಿ? ಎಂಪಿಡಿಎಫ್ ಅನ್ನೋ ಇನ್ನೊಂದು ಲೈಬ್ರರಿಯಲ್ಲಿ ಒತ್ತು ಸರಿಯಾಗಿ ಕೂರುತ್ತದೆ. ಆದರೆ ಅದರ ಲೈಸೆನ್ಸ್ ಜಿಪಿಎಲ್ 2 ಮಾತ್ರ, ‘ನಂತರದ ಆವೃತ್ತಿ’ ಅನ್ನೋ ಮಾತೇ ಇಲ್ಲ. ಜಿಪಿಎಲ್ 2 ಮಾತ್ರ ಇರುವ ಕೋಡನ್ನು ಜಿಪಿಎಲ್ 3 ಕೋಡಿನ ಜೊತೆ ಒಂದೇ ಪ್ರೋಗ್ರಾಂ ಮಾಡಿ ಹಂಚುವ ಹಾಗಿಲ್ಲ. ಎರಡೂ ಓಪನ್ ಸೋರ್ಸೇ, ಆದರೂ ಒಂದೇ ಪ್ಲಗಿನ್ ಮಾಡಿ ಕೊಡೋಕೆ ಆಗಲ್ಲ.

ಹಾಗಾಗಿ ಪಿಡಿಎಫ್ ಮಾಡುವ ಕೆಲಸವನ್ನೇ ನನ್ನ ಸರ್ವರ್‌ಗೆ ಎತ್ತಿದೆ. ಅಂಗಡಿಯ ಪ್ಲಗಿನ್ ಆರ್ಡರ್ ವಿವರ ಕಳಿಸುತ್ತದೆ, ಸರ್ವರ್ ಬಿಲ್ ಮಾಡಿ ವಾಪಸ್ ಕೊಡುತ್ತದೆ. ಸರ್ವರ್‌ನಲ್ಲಿ ಓಡಿಸುವುದನ್ನು ಜಿಪಿಎಲ್ ಹಂಚಿಕೆ ಅಂತ ಲೆಕ್ಕ ಹಿಡಿಯುವುದಿಲ್ಲ. ಎಂಪಿಡಿಎಫ್ ಎಜಿಪಿಎಲ್ ಅನ್ನೋ ಇನ್ನೊಂದು ಲೈಸೆನ್ಸ್‌ನಲ್ಲಿದ್ದು, ನಾನು ಅದನ್ನು ತಿದ್ದಿ ಬಳಸಿದ್ದರೆ ಕಥೆ ಬೇರೆ. ಆಗ ನೆಟ್‌ವರ್ಕ್ ಮೂಲಕ ಬಳಸುವವರಿಗೂ ಸೋರ್ಸ್ ಕೊಡಬೇಕಾಗುತ್ತಿತ್ತು.

“ಫ್ರೀ ಸಾಫ್ಟ್‌ವೇರ್ ಅಂತೀರಿ, ಮತ್ತೆ ದುಡ್ಡು ಯಾಕ್ರೀ?” ಅಂತ ಒಬ್ಬ ಸಾಹುಕಾರರು ನೇರವಾಗಿ ಕೇಳಿದರು. “ಕೋಡ್ ನಿಮ್ದೇ ಸರ್, ಬೇಕಾದ್ರೆ ನಿಮ್ಮ ತಮ್ಮನ ಅಂಗಡಿಗೂ ಹಾಕಿಕೊಳ್ಳಿ. ನೀವು ಕೊಡೋದು ಸರ್ವರ್‌ಗೆ, ಅಪ್‌ಡೇಟ್‌ಗೆ, ಹಬ್ಬದ ಸೀಸನ್‌ನಲ್ಲಿ ನಾನು ಫೋನ್ ಎತ್ತೋದಕ್ಕೆ” ಅಂದೆ. ಜಿಪಿಎಲ್‌ನಲ್ಲಿ ಮಾರಬಾರದು ಅಂತ ಎಲ್ಲೂ ಇಲ್ಲ. ಊರಿಗೆಲ್ಲ ಕೋಡ್ ಹಂಚಬೇಕು ಅಂತಲೂ ಇಲ್ಲ, ಪ್ಲಗಿನ್ ಪಡೆದವರಿಗೆ ಸೋರ್ಸ್ ಸಿಕ್ಕರೆ ಸಾಕು. ಅವರು ಅದನ್ನು ಇನ್ನೊಬ್ಬರಿಗೆ ಕೊಟ್ಟರೆ ಮಾತ್ರ ನಾನು ತಡೆಯುವಂತಿಲ್ಲ. ವೂಕಾಮರ್ಸ್ ಹುಟ್ಟಿದ್ದೇ ಹಾಗಲ್ವಾ? 2011ರಲ್ಲಿ ಜಿಗೋಶಾಪ್ ಅನ್ನೋ ಇನ್ನೊಂದು ಅಂಗಡಿ ಪ್ಲಗಿನ್‌ನ ಕೋಡ್ ತಗೊಂಡು ವೂಥೀಮ್ಸ್ ಕಂಪನಿಯವರು ಬೇರೆ ಮಾಡಿಕೊಂಡಿದ್ದು ಅದು.

ಅದಕ್ಕೇ ದುಡ್ಡು ಕಟ್ಟಿದವರಿಗೆ ನಾನು ಕೊಡುವ ಲೈಸೆನ್ಸ್ ಕೀ ಪ್ಲಗಿನ್ನನ್ನು ಲಾಕ್ ಮಾಡುವುದಿಲ್ಲ. ವರ್ಷ ಮುಗಿದು ದುಡ್ಡು ಕಟ್ಟದಿದ್ದರೆ ಅಪ್‌ಡೇಟ್ ಮತ್ತು ಸರ್ವರ್ ನಿಲ್ಲುತ್ತದೆ, ಪ್ಲಗಿನ್ ಅವರ ಹತ್ತಿರವೇ ಇರುತ್ತದೆ. ಪಿಡಿಎಫ್‌ಗೆ ಬೇರೆ ಸರ್ವರ್ ವಿಳಾಸ ಹಾಕಿಕೊಳ್ಳಲು ಸೆಟ್ಟಿಂಗ್‌ನಲ್ಲಿ ಜಾಗ ಬಿಟ್ಟಿದ್ದೇನೆ. ಕೊಟೇಶನ್‌ನಲ್ಲೂ ‘ಒಂದು ವೆಬ್‌ಸೈಟ್‌ಗೆ ಮಾತ್ರ’ ಅಂತ ಬರೆಯಲ್ಲ, ‘ಒಂದು ವರ್ಷದ ಸೇವೆ’ ಅಂತ ಬರೆಯುತ್ತೇನೆ.