ಲೈಸೆನ್ಸ್ ಇಲ್ಲದೆ ಮಂಗಳನ ಮರಳು ಓದಿದ್ದು

ಕ್ರಿಸಂ ಅಂದರೆ ಮಂಗಳನನ್ನು ಸುತ್ತುವ ನಾಸಾ ನೌಕೆಯಲ್ಲಿನ ಉಪಕರಣ, ನೆಲದಿಂದ ಮರಳುವ ಬೆಳಕನ್ನು ನೂರಾರು ಬಣ್ಣಗಳಾಗಿ ಬಿಡಿಸಿ ಚಿತ್ರ ತೆಗೆದದ್ದು. ಇಂಥ ಚಿತ್ರ ಬಿಡಿಸುವ ಎನ್ವಿ ಸಾಫ್ಟ್‌ವೇರ್ ಇಲ್ಲದೆ ಅದರ ಡೇಟಾ ಮುಟ್ಟಲೇಬೇಡಿ ಎಂದವರು ಒಬ್ಬಿಬ್ಬರಲ್ಲ. ಎನ್ವಿಯ ಲೈಸೆನ್ಸ್ ರೇಟು ನನ್ನ ಜೇಬಿಗೆ ಆಗುವ ಮಾತಲ್ಲ. ಈಗ ಮಂಗಳನ ಗೇಲ್ ಕುಳಿಯಲ್ಲಿರುವ ಬಾಗ್ನೋಲ್ಡ್ ಮರಳು ದಿಬ್ಬಗಳ ಖನಿಜ ನಕ್ಷೆ ಸುರತ್ಕಲ್‌ನ ನನ್ನ ಬಾಡಿಗೆ ಕೋಣೆಯ ಗೋಡೆ ಮೇಲಿದೆ. ಮಾಡಿದ್ದು ಪುಕ್ಕಟೆ ಸಿಗುವ ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲಿ.

ಖರ್ಚು? ಹಂಪನಕಟ್ಟೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗೆ ಮೂವತ್ತು ಸಾವಿರ ಚಿಲ್ಲರೆ. ರ್‍ಯಾಮ್, ಹಾರ್ಡ್ ಡಿಸ್ಕ್ ಸೇರಿ ಇನ್ನೊಂದು ಹನ್ನೆರಡು. ಒಂದೊಂದು ಚಿತ್ರ ಅರ್ಧ ಜಿಬಿ ತಿನ್ನುತ್ತದೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹಾಗಾಗಿ ಯುಪಿಎಸ್ ಬೇರೆ.

ಮೊದಲು ಸುಮ್ನೆ ಕ್ಲಸ್ಟರಿಂಗ್‌ಗೆ ಹಾಕಿದೆ, ಅಂದರೆ ಒಂದೇ ತರಹದ ಪಿಕ್ಸೆಲ್‌ಗಳನ್ನು ಕಂಪ್ಯೂಟರೇ ಗುಂಪು ಮಾಡುವುದು. ಬಂದದ್ದು ಖನಿಜ ಅಲ್ಲ, ದಿಬ್ಬದ ಬಿಸಿಲು ಮಗ್ಗುಲು ಮತ್ತು ನೆರಳು ಮಗ್ಗುಲು! ಖನಿಜಗಳು ಬೆಳಕಿನ ಕೆಲವು ತರಂಗಾಂತರಗಳನ್ನು ಹೀರುತ್ತವೆ, ಗ್ರಾಫ್‌ನಲ್ಲಿ ಅಲ್ಲಿ ತಗ್ಗು ಬೀಳುತ್ತದೆ, ಗುರುತು ಅದೇ. ಇನ್ನೊಂದು ತಲೆನೋವು 2 ಮೈಕ್ರಾನ್ ತರಂಗಾಂತರದ ಹತ್ತಿರದ್ದು. ಪೈರಾಕ್ಸೀನ್ ಎಂಬ ಖನಿಜ ಕಾಣುವುದು ಅಲ್ಲೇ, ಮಂಗಳನ ಗಾಳಿಯ ಕಾರ್ಬನ್ ಡೈಆಕ್ಸೈಡ್ ಗೀರು ಹಾಕುವುದೂ ಅಲ್ಲೇ. ಮಂಗಳನ ದೈತ್ಯ ಜ್ವಾಲಾಮುಖಿ ಒಲಿಂಪಸ್ ಮಾನ್ಸ್‌ನ ನೆತ್ತಿ–ಬುಡದ ವ್ಯತ್ಯಾಸದಿಂದ ಗಾಳಿಯ ಪಾಲು ಕಳೆಯುವ ಮಾಮೂಲಿ ದಾರಿ ಹಿಡಿದೆ. ಆದರೂ ಗಾಳಿಯ ಗೀರು ಸ್ವಲ್ಪ ಉಳಿಯಿತು. ಇನ್ನೊಂದು ಖನಿಜ ಆಲಿವಿನ್ ಕಥೆಯೂ ಅಷ್ಟೇ. ಅದರ ಅಗಲವಾದ ತಗ್ಗು 1 ಮೈಕ್ರಾನ್‌ನ ಆಚೀಚೆ, ಉಪಕರಣದ ಎರಡು ಡಿಟೆಕ್ಟರ್‌ಗಳು ಕೂಡುವ ಜಾಗದಲ್ಲೇ ಬರುತ್ತದೆ. ಆ ಜೋಡಣೆಯಲ್ಲಿ ಗ್ರಾಫ್ ಮೆಟ್ಟಿಲಿನ ಹಾಗೆ ಜಿಗಿಯುತ್ತದೆ. ಅದನ್ನು ಸರಿ ಮಾಡುವಷ್ಟರಲ್ಲಿ ಒಂದು ಮಳೆಗಾಲವೇ ಮುಗಿಯಿತು.

ಕೊನೆಗೆ ಕೈಹಿಡಿದದ್ದು ಹಳೇ ಭಾಗಾಕಾರ. ದಿಬ್ಬದ ಕಪ್ಪು ಪಿಕ್ಸೆಲ್‌ಗಳನ್ನು ಚಿತ್ರದ ಅದೇ ಕಾಲಂನ ಸಪ್ಪೆ, ಅಂದರೆ ಖನಿಜದ ಗುರುತಿಲ್ಲದ ಧೂಳಿನ ಪಿಕ್ಸೆಲ್‌ಗಳಿಂದ ಭಾಗಿಸುವುದು. ಎರಡರಲ್ಲೂ ಇರುವ ಗಾಳಿ, ಉಪಕರಣದ ದೋಷ ಹೊಡೆದುಹೋಗುತ್ತದೆ. ನಕ್ಷೆಗೆ ಹೊಂದಿಸುವ ಮೊದಲೇ ಭಾಗಿಸಬೇಕು, ಆಮೇಲೆ ಕಾಲಂಗಳೇ ಕಲಸಿಹೋಗುತ್ತವೆ. ಸಪ್ಪೆ ಪಿಕ್ಸೆಲ್ ಆರಿಸಲು ನನ್ನದೇ ಒಂದು ಲೆಕ್ಕ ಇದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಫಲಿತಾಂಶ ಪ್ರಬಂಧಗಳಲ್ಲಿ ಬಂದ ಹಾಗೇ ಬಂತು: ಗಾಳಿಗೆದುರಿನ ಅಂಚಿನ ಅರ್ಧಚಂದ್ರ ದಿಬ್ಬಗಳಲ್ಲಿ ಆಲಿವಿನ್ ಜೋರು, ಉದ್ದುದ್ದ ದಿಬ್ಬಗಳಲ್ಲಿ ಪೈರಾಕ್ಸೀನ್. 'ಇದೇನು ಫೋಟೋಶಾಪಾ ಮಾರಾಯ್ರೆ' ಎಂದಿದ್ದ ಗೆಳೆಯರು ಈಗ ಕೋಡ್ ಕೇಳುತ್ತಿದ್ದಾರೆ.

ನಡುವೆ ಒಂದು ಅಡ್ಡದಾರಿ. ತಣ್ಣೀರುಬಾವಿ ದಡದಲ್ಲಿ ಅಲೆ ಬಿಟ್ಟುಹೋದ ಕಪ್ಪು ಪಟ್ಟಿಯ ಮರಳು ತಂದೆ. ಪ್ಲಾಸ್ಟಿಕ್ ಕವರ್ ಸುತ್ತಿದ ಸ್ಪೀಕರ್ ಮ್ಯಾಗ್ನೆಟ್ ಆಡಿಸಿದರೆ ಕರಿ ಕಾಳುಗಳು ಮೀಸೆಯ ಹಾಗೆ ನಿಂತವು. ಅದರ ಮೇಲೆ ಮಂಗಳನ ಧೂಳಿನ ಬದಲಿಗೆ ಕೆಂಪು ಮುರಕಲ್ಲಿನ ಪುಡಿಯನ್ನು ಟೀ ಸೋಸುವ ಜಾಲರಿಯಲ್ಲಿ ಉದುರಿಸಿ, ಹದಿನೆಂಟು ಬಣ್ಣ ಅಳೆಯುವ, ಆರೇಳು ಸಾವಿರ ರೂಪಾಯಿಯ ಸೆನ್ಸರ್ ಹಿಡಿದೆ. ಅದು 940 ನ್ಯಾನೊಮೀಟರ್‌ಗೇ ನಿಲ್ಲುತ್ತದೆ, ಪೈರಾಕ್ಸೀನ್‌ಗೆ ಪ್ರಯೋಜನ ಇಲ್ಲ. ಆದರೆ ಕಣ್ಣಿಗೆ ಮರಳು ಇನ್ನೂ ಕಪ್ಪಾಗಿದ್ದಾಗಲೇ ಗ್ರಾಫ್ ಕೆಂಪಿನ ಕಡೆ ಏರಿತ್ತು. ಧೂಳು ಕೂತ ದಿಬ್ಬ ಬಿಟ್ಟು, ಗಾಳಿಗೆ ಚಲಿಸುವ ಕಪ್ಪು ದಿಬ್ಬವನ್ನೇ ಹಿಡಿಯಬೇಕು ಅನ್ನುವುದು ಇದಕ್ಕೇ ಅಲ್ವಾ.

ಗೇಲ್ ಆರಿಸಿದ್ದಕ್ಕೂ ಕಾರಣ ಇದೆ. 2016ರಲ್ಲಿ ನಾಸಾದ ಕ್ಯೂರಿಯಾಸಿಟಿ ರೋವರ್ ಅಲ್ಲಿನ ನಮೀಬ್ ದಿಬ್ಬದ ಮರಳನ್ನೇ ಬಾಚಿ ಎಕ್ಸ್‌ರೇಗೆ ಒಡ್ಡಿತು. ಪ್ಲಾಜಿಯೋಕ್ಲೇಸ್, ಆಲಿವಿನ್, ಪೈರಾಕ್ಸೀನ್ ಖನಿಜಗಳು ಸಿಕ್ಕವು. ನಮ್ಮ ಲೆಕ್ಕ ತಾಳೆ ನೋಡಲು ಇದಕ್ಕಿಂತ ಏನು ಬೇಕು? ಒಂದೇ ತೊಡಕು, ಅಲ್ಲಿ ಜಾಸ್ತಿ ಸಿಕ್ಕ ಪ್ಲಾಜಿಯೋಕ್ಲೇಸ್ ಕ್ರಿಸಂ ಕಣ್ಣಿಗೆ ಬೀಳುವುದೇ ಕಷ್ಟ. ಹಾಗಾಗಿ ನನ್ನ ನಕ್ಷೆಯಲ್ಲಿ ಶೇಕಡಾ ಲೆಕ್ಕ ಹಾಕಿಲ್ಲ, ಹೆಚ್ಚು–ಕಡಿಮೆ ಮಾತ್ರ. ಮುಂದಿನದು ಮಂಗಳನ ಇನ್ನೊಂದು ದಿಬ್ಬಗಳ ಜಾಗ ನಿಲಿ ಪಟೇರಾ, ಡೌನ್‌ಲೋಡ್ ಅರ್ಧ ಆಗಿದೆ.