2 ಇಂಚಿನ ಕ್ರಿಸ್ಟಲ್‌ನಲ್ಲಿ ಹೊಲದ ಮಣ್ಣಿನ ವಿಕಿರಣ ಅಳೆದೆ: ನನ್ನ ಅನುಭವ

ಗಾಮಾ ಕಿರಣಗಳ ಶಕ್ತಿಯನ್ನು ನಿಖರವಾಗಿ ಬಿಡಿಸಿ ತೋರಿಸೋ ಜರ್ಮೇನಿಯಂ ಡಿಟೆಕ್ಟರ್ ಇಲ್ಲದೆ, ಬರೀ ಸೋಡಿಯಂ ಅಯೋಡೈಡ್ ಕ್ರಿಸ್ಟಲ್‌ನಲ್ಲಿ ಮಣ್ಣಿನ ವಿಕಿರಣ ಅಳೀತೀನಿ ಅಂದಾಗ ಮೈಸೂರಿನ ನನ್ನ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. "ಸೋಡಿಯಂ ಅಯೋಡೈಡ್‌ನಲ್ಲಿ 609, 662 ಎರಡೂ ಒಂದರ ಮೇಲೊಂದು ಕೂರ್ತವೆ. ಬಿಸ್ಮತ್ ಯಾವುದು, ಸೀಸಿಯಂ ಯಾವುದು ಅಂತ ಹೇಗ್ರೀ ಹೇಳ್ತೀರಿ?" ಪ್ರಶ್ನೆ ಸರಿಯಾದದ್ದೇ. ಆ ಅಂಕಿಗಳು ಗಾಮಾ ಕಿರಣದ ಶಕ್ತಿ, ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ. 609 ಮಣ್ಣಿನ ಸಹಜ ರೇಡಿಯಂನಿಂದ ಹುಟ್ಟೋ ಬಿಸ್ಮತ್‌ನದು, 662 ಅಣು ಸ್ಫೋಟ, ಅಪಘಾತಗಳಿಂದ ಬೀಳೋ ಸೀಸಿಯಂನದು. ಮೊದಲ ಮೂರು ತಿಂಗಳು ನಾನೂ ಅಲ್ಲೇ ಎಡವಿದೆ. ಇಲ್ಲದ ಸೀಸಿಯಂ ಪ್ರತಿ ಮಣ್ಣಲ್ಲೂ ಕಾಣ್ತಿತ್ತು.

ಖರ್ಚು ಹೇಳಿಬಿಡ್ತೀನಿ. ಹಳೇ ಕ್ರಿಸ್ಟಲ್, ಕಿರಣಗಳನ್ನು ಶಕ್ತಿವಾರು ಎಣಿಸೋ ಅನಲೈಸರ್ ಸೇರಿ 1 ಲಕ್ಷ 20 ಸಾವಿರ. ಹೊರಗಿನ ವಿಕಿರಣ ತಡೆಯೋಕೆ ಗುಜರಿಯಿಂದ ಸೀಸ ಎರಡೂವರೆ ಕ್ವಿಂಟಲ್, ಸುಮಾರು 50 ಸಾವಿರ. ಎರಕ ಹೊಯ್ದವನು ಇಟ್ಟಿಗೆಗಳ ಅಂಚು ನೇರ ಬಿಟ್ಟಿದ್ದ. ಸಂದಿಯಲ್ಲಿ ಕೋಣೆಯ ಗ್ರಾನೈಟ್ ನೆಲದ ಪೊಟ್ಯಾಸಿಯಂ ಕಿರಣ ನುಗ್ತಿತ್ತು. ಮತ್ತೆ ಕರಗಿಸಿ ಅಂಚಿಗೆ ಮೆಟ್ಟಿಲು ಕೊಡಿಸೋಕೆ ಇನ್ನೊಂದು 8 ಸಾವಿರ ಹೋಯ್ತು.

ಹಣಕ್ಕಿಂತ ಹೆಚ್ಚು ಕಾಡಿದ್ದು ಮಣ್ಣು ತುಂಬೋ ಡಬ್ಬ. ಒಣಗಿಸಿ, ಜರಡಿ ಹಿಡಿದು, ಮುಚ್ಚಿ ನಾಲ್ಕು ವಾರ ಇಟ್ಟರೂ ರೇಡಿಯಂ ಕಾಲು ಭಾಗ ಕಡಿಮೆ ಬರ್ತಿತ್ತು, ಥೋರಿಯಂ ಮಾತ್ರ ಸರಿಯಾಗಿತ್ತು. ಒಂದು ರಾತ್ರಿ ಡಬ್ಬವನ್ನು ಬಿಸಿನೀರಿನ ಬಕೆಟ್ಟಿಗೆ ಅದ್ದಿದೆ. ಮುಚ್ಚಳದ ಒಂದೇ ಕಡೆಯಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲುಗಟ್ಟಿ ಎದ್ದವು. ರೇಡಿಯಂನಿಂದ ಹುಟ್ಟೋ ಅನಿಲ, ನನ್ನ ರೇಡಾನ್, ಅಲ್ಲೇ ಹೋಗ್ತಿತ್ತು. ನಾನು ಎಣಿಸೋ ಬಿಸ್ಮತ್ ಹುಟ್ಟೋದು ಅದರಿಂದಲೇ. ಅರ್ಧ ಆಯುಸ್ಸು 3.8 ದಿನದ ಅನಿಲ ಡಬ್ಬದಲ್ಲಿ ನಿಲ್ಲದಿದ್ದರೆ ನಾಲ್ಕು ವಾರ ಕಾದು ಏನು ಫಲ! ಮುಚ್ಚಳಕ್ಕೆ ಅಂಟು ಹಾಕಿದ ಮೇಲೆ ಈಗ ಒಂದೂ ಸೋರಲ್ಲ. ಅಂಟು ಯಾವುದು, ಹದ ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ.

ಸೀಸಿಯಂ ಗೊಂದಲ ಬಿಡಿಸಿದ್ದು ಅದೇ ಬಿಸ್ಮತ್‌ನ 1764ರ ಪೀಕ್, ಅಂದರೆ ಆ ಶಕ್ತಿಯಲ್ಲಿ ಎಣಿಕೆ ಏರಿ ನಿಲ್ಲೋ ಗುಡ್ಡ. ರೇಡಿಯಂ ಲೆಕ್ಕ ಅಲ್ಲಿಂದ ತೆಗೆದು, 609ಕ್ಕೆ ಎಷ್ಟು ಬರಬೇಕೋ ಅಷ್ಟನ್ನು ಕಳೆದೆ. 662ರಲ್ಲಿ ಉಳಿದದ್ದು ಹೆಚ್ಚುಕಡಿಮೆ ಸೊನ್ನೆ. ಸೆಖೆಗೆ ಪೀಕ್‌ಗಳು ಜರುಗುತ್ತವೆ, ಅದಕ್ಕೇ ಎಣಿಕೆಯೆಲ್ಲ ರಾತ್ರಿ. ಪೊಟ್ಯಾಸಿಯಂನ 1461 ಎಲ್ಲಿ ಕೂತಿದೆ ಅಂತ ನೋಡದೆ ಯಾವ ಸ್ಪೆಕ್ಟ್ರಮ್ಮನ್ನೂ, ಅಂದರೆ ಶಕ್ತಿವಾರು ಎಣಿಕೆಯ ನಕ್ಷೆಯನ್ನೂ, ನಂಬಲ್ಲ. ಅದೇ ಮಣ್ಣನ್ನು ಜರ್ಮೇನಿಯಂ ಇರೋ ಲ್ಯಾಬಿಗೆ ಕಳಿಸಿದೆ. ವ್ಯತ್ಯಾಸ ನೂರಕ್ಕೆ ಎಂಟೋ ಒಂಬತ್ತೋ. ಗೆಳೆಯರು ಆಮೇಲೆ ಸುಮ್ಮನಾದರು.

ಹೋದ ಮುಂಗಾರಿಗೆ ಮುಂಚೆ ಪಾಂಡವಪುರದ ಕಡೆಯ ರೈತರೊಬ್ಬರು ಬಂದರು. ಯಾರೋ ಕೈ ಮೀಟರ್ ಹಿಡಿದು ಅವರ ಮಣ್ಣಲ್ಲಿ ವಿಷ ಇದೆ ಅಂದಿದ್ದರಂತೆ. "ಸಾ, ಇದ್ರಲ್ಲಿ ಬೆಳ್ದ ಬತ್ತ ಮಕ್ಳು ಉಣ್ಬೋದಾ?" ಕೊಟ್ಟ ಚೀಲದ ಮಣ್ಣಲ್ಲಿ ಪೊಟ್ಯಾಸಿಯಂ-40, ಅಂದರೆ ಪೊಟ್ಯಾಸಿಯಂನಲ್ಲಿ ಸಹಜವಾಗಿರೋ ವಿಕಿರಣಶೀಲ ಬಗೆ, ಕಿಲೋಗೆ 2 ಸಾವಿರ ಬೆಕೆರೆಲ್ (ಸೆಕೆಂಡಿಗೆ ಅಷ್ಟು ಪರಮಾಣು ವಿಘಟನೆ) ದಾಟಿತ್ತು. ಮಣ್ಣಿನ ಜಾಗತಿಕ ಸರಾಸರಿಯೇ 400ರ ಆಸುಪಾಸು. ರೇಡಿಯಂ, ಥೋರಿಯಂ ಎಂದಿನಂತೆ. ಮಣ್ಣು ಎಲ್ಲಿಂದ ತೆಗೆದಿರಿ ಅಂತ ಕೇಳಿದೆ. ಬದುವಿನ ಪಕ್ಕ, ಪೊಟ್ಯಾಷ್ ಮೂಟೆ ಬಿಚ್ಚಿದ ಜಾಗ! ಆ ಗೊಬ್ಬರವೇ ಕಿಲೋಗೆ ಹದಿನೈದು ಸಾವಿರದ ಮೇಲೆ. ಒಂದು ಹಿಡಿ ಬಿದ್ದಿದ್ದರೂ ಸಾಕು. ಎಕರೆಗೆ ಒಂದು ಮೂಟೆ ಎರಚಿದರೆ ಈ ಮಾಪನದಲ್ಲಿ ಗೊತ್ತೂ ಆಗಲ್ಲ.

ಈ ಹುಚ್ಚಿನಲ್ಲೇ ಆಲೆಮನೆ ಒಲೆಯ ಸಿಪ್ಪೆ ಬೂದಿಯನ್ನೂ ಎಣಿಸಿದೆ. ಅಲ್ಲೂ 1461 ಎದ್ದು ನಿಂತಿತು. ಕಬ್ಬು ಹೀರಿದ ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತೆ.

ನಿಜವಾದ ಸೀಸಿಯಂ ಬಿದ್ದರೆ ಕಥೆಯೇ ಬೇರೆ. ಫುಕುಶಿಮಾ ಆದಮೇಲೆ, 2011ರಲ್ಲಿ, ಜಪಾನಿನವರು ಗದ್ದೆ ಮಣ್ಣಿಗೆ ಕಿಲೋಗೆ 5,000 ಬೆಕೆರೆಲ್ ಮಿತಿ ಹಾಕಿದರು. ಮೇಲಿನ 5 ಸೆಂಟಿಮೀಟರ್ ಮಣ್ಣು ಕೆರೆದು ತೆಗೆದರು, ಭತ್ತ ಸೀಸಿಯಂ ಎಳೆಯದಿರಲಿ ಅಂತ ಇದೇ ಪೊಟ್ಯಾಷ್ ಕೊಟ್ಟರು. ಅಂಥ ಕಡೆ ಮೊದಲು ಹೆದರಬೇಕಾದ್ದು ನೆಲದಿಂದ ಹೊರಡೋ ಗಾಮಾ ಕಿರಣಕ್ಕೆ, ಆದರೂ ಧೂಳಿಗೂ ಎಚ್ಚರ ಬೇಕು. ನಾನಂತೂ ಯಾವ ಮಣ್ಣನ್ನೂ ಮಾಸ್ಕ್ ಇಲ್ಲದೆ ಜರಡಿ ಹಿಡಿಯಲ್ಲ.

ಆ ರೈತರಿಂದ ಬದು ಬಿಟ್ಟು ಗದ್ದೆಯ ಐದು ಕಡೆಯ ಮಣ್ಣು ತರಿಸಿದೆ. ರೇಡಿಯಂ, ಥೋರಿಯಂ, ಪೊಟ್ಯಾಸಿಯಂ ಮೂರನ್ನೂ ಒಂದೇ ಅಂಕಿಗೆ ತರೋ ರೇಡಿಯಂ ಸಮಾನ ಲೆಕ್ಕ ಕಿಲೋಗೆ 130 ಬೆಕೆರೆಲ್ ಹತ್ತಿರ ಬಂತು. ಮನೆ ಕಟ್ಟೋ ಸಾಮಗ್ರಿಗೇ 370ರವರೆಗೆ ಒಪ್ಪುತ್ತಾರೆ ಅಂತ ಹೇಳಿದೆ. ಚೀಟಿ ಮಡಚಿ ಜೇಬಿಗಿಟ್ಟು, "ಹಂಗಾರೆ ಒಟ್ಲು ಬುಡ್ತೀನಿ ಸಾ" ಅಂದು ಹೊರಟರು.