ಮಕ್ಕಳ ಮಧ್ಯಾಹ್ನದ ಊಟಕ್ಕೆ ಮಂಡಕ್ಕಿ ಒಗ್ಗರಣೆ

ರಜೆಯಲ್ಲಿ ಮಕ್ಕಳಿಗೆ ಮಧ್ಯಾಹ್ನ ಏನು ಮಾಡೋದು ಅಂತ ಕೇಳುವವರಿಗೆ: ನಮ್ಮ ದಾವಣಗೆರೆಯಲ್ಲಿ ಮಂಡಕ್ಕಿಗೆ ಬರವಾ? ಸುಮ್ನೆ ಸಂಜೆಗೆ ಅಂತ ಎತ್ತಿಡಬೇಡಿ.

ಮೊದಲು ಒಗ್ಗರಣೆ ಮಾಡಿಕೊಳ್ಳಿ. ಸಾಸಿವೆ, ಕರಿಬೇವು, ಶೇಂಗಾ, ಈರುಳ್ಳಿ, ಟೊಮೆಟೊ, ಅರಿಶಿನ, ಜೊತೆಗೆ ತುರಿದ ಕ್ಯಾರೆಟ್ (ತರಕಾರಿ ಬೇಡ ಅನ್ನುವವರಿಗೂ ಇದರಲ್ಲಿ ಗೊತ್ತಾಗುವುದಿಲ್ಲ). ಆಮೇಲೆ ಮಂಡಕ್ಕಿಯನ್ನು ನೀರಲ್ಲಿ ಮುಳುಗಿಸಿ, ನೆನೆಯಲು ಬಿಡದೆ ತಕ್ಷಣ ಎತ್ತಿ, ಎರಡೂ ಕೈಯಲ್ಲಿ ಹಿಂಡಿ ಬಾಣಲೆಗೆ ಹಾಕಿ, ತಡ ಮಾಡಿದರೆ ಮುದ್ದೆಯಾಗುತ್ತದೆ. ಕೊನೆಗೆ ಎರಡು ಮೂರು ಚಮಚ ಹುರಿಗಡಲೆ ಪುಡಿ. ಇದನ್ನು ಮಾತ್ರ ಬಿಡಬೇಡಿ. ಉಳಿದ ನೀರು ಹೀರಿಕೊಂಡು ಮಂಡಕ್ಕಿ ಉದುರುದುರಾಗುತ್ತದೆ, ಪ್ರೋಟೀನೂ ಸಿಗುತ್ತದೆ. ಮಂಡಕ್ಕಿ ಅಂದರೆ ಬರೀ ಅಕ್ಕಿ ತಾನೇ, ಅದಷ್ಟೇ ತಿಂದರೆ ಬೇಗ ಹಸಿವಾಗುತ್ತದೆ, ಹಾಗಾಗಿ ಪಕ್ಕದಲ್ಲಿ ಒಂದು ಬಟ್ಟಲು ಮೊಸರು ಇಡಿ. ಮಂಡಕ್ಕಿಯಲ್ಲೇ ಉಪ್ಪಿರುತ್ತದೆ, ರುಚಿ ನೋಡಿ ಹಾಕಿ.

ತೀರಾ ಚಿಕ್ಕ ಮಕ್ಕಳಿಗೆ ಇಡೀ ಶೇಂಗಾ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಪುಡಿ ಮಾಡಿ ಹಾಕಿ.

ಮಂಡಕ್ಕಿ ಇಲ್ಲದ ದಿನ ನಿನ್ನೆಯ ಜೋಳದ ರೊಟ್ಟಿ ಮುರಿದು, ಸ್ವಲ್ಪ ನೀರು ಚಿಮುಕಿಸಿ, ಇದೇ ಒಗ್ಗರಣೆಗೆ ಹಾಕಿದರೂ ಆಯ್ತು.